ಮಾಮಾಸನ ಪಲಾಯನ ಪರಾಕ್ರಮ

ನಮ್ಮ ಸಾಮ್ರಾಜ್ಯದಲ್ಲಿ ಓಡಿಹೋಗುವುದು ಎರಡು ಬಗೆ. ಒಂದು, ಹೆದರಿ ಓಡುವುದು. ಇದಕ್ಕೆ ತರಬೇತಿ ಬೇಡ, ಹುಟ್ಟಿನಿಂದಲೇ ಬಂದಿರುತ್ತದೆ. ಇನ್ನೊಂದು, ಹೆದರಿದವರ ಹಾಗೆ ಓಡುವುದು. ಇದು ಶಾಸ್ತ್ರ. ಸೋತವರಂತೆ ಕುದುರೆ ತಿರುಗಿಸಿ, ‘ಅಯ್ಯೋ ಕೆಟ್ಟೆವು’ ಎಂದು ಕೂಗುತ್ತ ಶತ್ರುವನ್ನು ಕಣಿವೆಯೊಳಕ್ಕೆ ಎಳೆದುಕೊಂಡು ಹೋಗಿ, ಕಹಳೆ ಕೇಳಿದ ಕೂಡಲೇ ತಿರುಗಿ ಅವನ ಮೇಲೆ ಬೀಳಬೇಕು. ನಾವು ರೋಮನ್ನರು ತಲೆಮಾರುಗಳಿಂದ ಹೀಗೆ ಓಡಿ ಓಡಿಯೇ ರಾಜ್ಯವನ್ನು ನಿಲ್ಲಿಸಿಕೊಂಡಿದ್ದೇವೆ. ಆದರೆ ಈ ಶಾಸ್ತ್ರದ ಮೊದಲರ್ಧವನ್ನು ಅನಾತೋಲಿಕ ಪ್ರಾಂತದ ಈರುಳ್ಳಿ ಬೆಳೆಗಾರ ಮಾಮಾಸ ಪಾಲಿಸಿದಷ್ಟು ನಿಷ್ಠೆಯಿಂದ ಇನ್ನಾರೂ ಪಾಲಿಸಿದ್ದಿಲ್ಲ.

ಹೆಸರಿನಲ್ಲೇ ಒಬ್ಬ ಮಾಮನನ್ನು ಹೊತ್ತುಕೊಂಡಿದ್ದರೂ ಮಾಮಾಸನಿಗೆ ಹೊರೆಯಾಗಿ ಬೇರೊಬ್ಬ ಮಾವನಿದ್ದ. ಸ್ತವ್ರಾಕಿ ಎಂದು ಹೆಸರು. ಹತ್ತು ಸವಾರರ ನಾಯಕನಾಗಿದ್ದು ನಿವೃತ್ತನಾದವನು. ಅವನು ಹೇಳುವ ಕಥೆಗಳಲ್ಲಿ ಆ ಹತ್ತು ಸವಾರರು ವರ್ಷ ವರ್ಷಕ್ಕೂ ಬೆಳೆದು ಈಗ ಸಣ್ಣ ದಂಡಾಗಿದ್ದರು. ಮದುವೆಯ ದಿನವೇ ಅವನು ಅಳಿಯನನ್ನು ಮೇಲಿಂದ ಕೆಳಗೆ ನೋಡಿ, “ನಮ್ಮ ಅಳಿಯಂದ್ರೂ ಸೈನಿಕರೇ. ಈರುಳ್ಳಿ ಹೆಚ್ಚಿದ್ರೆ ಶತ್ರು ಅಳ್ತಾನೆ” ಎಂದಿದ್ದ. ಚಪ್ಪರದಲ್ಲಿದ್ದವರೆಲ್ಲ ನಕ್ಕಿದ್ದರು. ಮಾಮಾಸನೂ ನಕ್ಕಿದ್ದ, ಯಾಕೆಂದು ತಿಳಿಯದೆ.

ಆದರೆ ಸೈನಿಕ ಎಂಬುದೇನೋ ನಿಜವೇ. ತೊರೆಯ ಪಕ್ಕದ ಅವನ ಹೊಲ ಸೈನಿಕನ ಹೊಲ. ದಂಡಿನಿಂದ ಕರೆ ಬಂದಾಗ ಆ ಮನೆಯಿಂದ ಒಬ್ಬ ಗಂಡಸು ಕುದುರೆ, ಕವಚ, ಈಟಿಗಳ ಸಮೇತ ಹೊರಡಬೇಕು. ಹೊರಟರೆ ಹೊಲ ಅವನದು, ಇಲ್ಲವಾದರೆ ಹೊರಡುವ ಇನ್ನೊಬ್ಬನದು. ಮುತ್ತಜ್ಜ ಹೊರಟಿದ್ದ, ಅಜ್ಜ ಹೊರಟಿದ್ದ, ಅಪ್ಪ ಹೊರಟಿದ್ದ. ಈ ವರ್ಷ ಮಾಮಾಸ ಹೊರಡಬೇಕಾದಾಗ ನೋಡಿದರೆ, ಮನೆಯ ಕುದುರೆ ಅವನಿಗಿಂತ ಮೊದಲೇ ಹೊರಟುಹೋಗಿತ್ತು, ತಿರುಗಿ ಬಾರದ ಊರಿಗೆ. ಅಪ್ಪನ ಕವಚವನ್ನು ತುಕ್ಕು ತಿಂದಿತ್ತು.

ಸುದ್ದಿ ತಿಳಿದ ಸ್ತವ್ರಾಕಿ ಬಂದು ಮಗಳು ಅಂಥೂಸಾಳನ್ನು ಕರೆದುಕೊಂಡು ಹೋದ. “ದಂಡಿನ ಪರೀಕ್ಷೆ ಮುಗೀಲಿ ಅಳಿಯಂದ್ರೆ. ಹೊಲ ಉಳಿದ್ರೆ ಬಂದು ಕರ್ಕೊಂಡು ಹೋಗಿ. ಹೋದ್ರೆ, ಪಾಪ, ಅಷ್ಟು ದೂರ ನಡ್ಕೊಂಡು ಬರೋ ತೊಂದ್ರೆ ತಗೋಬೇಡಿ.”

ಅಂಥೂಸಾ ಕತ್ತೆಯ ಮೇಲೆ ಕೂತು ಹೋಗುತ್ತ ಒಮ್ಮೆ ತಿರುಗಿ ನೋಡಿದಳು. ಆ ಕ್ಷಣವೇ ಮಾಮಾಸ ನಿರ್ಧರಿಸಿದ. ಅವನು ನಿರ್ಧರಿಸಿದ ಎಂದರೆ ಊರಿನವರಿಗೆ ಭಯ. ಹಿಂದೊಮ್ಮೆ ಬಾವಿ ತೋಡಲು ನಿರ್ಧರಿಸಿ, ನೀರು ಸಿಗದೆ, ಬಿಡಲೂ ಮನಸ್ಸಿಲ್ಲದೆ, ಕೊನೆಗೆ ಅವನನ್ನೇ ಮೇಲೆತ್ತಲು ಹಗ್ಗ ಸಾಲದೆ ಹೋಗಿತ್ತು.

ಬಡ ಸೈನಿಕನಿಗೆ ನಮ್ಮಲ್ಲಿ ಒಂದು ದಾರಿಯುಂಟು. ನೆರೆಹೊರೆಯ ಮನೆಗಳು ಸೇರಿ ಒಬ್ಬ ಸವಾರನನ್ನು ಜೋಡಿಸಿ ಕಳಿಸಬಹುದು. ವಿಧವೆ ಥೆಕ್ಲಾಳ ಹೆಣ್ಣುಕುದುರೆ, ಕುಂಬಾರ ಪಂಕ್ರಾತಿಯ ಕವಚ, ಮಾಮಾಸನ ಮೈ. ಹೀಗೆ ಮೂರು ಮನೆ ಸೇರಿ ಒಬ್ಬ ಸವಾರನಾದ. ತೊಂದರೆ ಏನೆಂದರೆ, ಉಳಿದ ಎರಡು ಮನೆಯವರೂ ಅವನ ಜೊತೆ ಹೊರಟರು.

“ನೋಡು ಮಾಮಾಸ,” ಎಂದಳು ಥೆಕ್ಲಾ, “ಕೆಂಪಿ ನಂಗೆ ಸೊಸೆಗಿಂತ ಹೆಚ್ಚು. ಅವಳನ್ನ ಓಡಿಸ್ಬಾರ್ದು.”

“ಅಕ್ಕ, ಯುದ್ಧಕ್ಕೆ ಹೋಗೋ ಕುದುರೆ ಓಡದಿದ್ರೆ ಹೇಗೆ?”

“ನಡ್ಕೊಂಡು ಹೋಗ್ಲಿ. ಯುದ್ಧ ಅಲ್ಲೇ ಇರುತ್ತೆ, ಎಲ್ಲಿಗೆ ಹೋಗುತ್ತೆ?”

ಪಂಕ್ರಾತಿಯದು ಇನ್ನೊಂದು ರಾಗ. “ಇದು ನಮ್ಮಪ್ಪನ ಕವಚ. ಒಂದು ಗೀರು ಬೀಳ್ಬಾರ್ದು.”

“ಗೀರು ಕವಚಕ್ಕೆ ಬೀಳ್ಲಿ ಅಂತಾನೇ ಅಲ್ವೇನಣ್ಣ ಅದನ್ನ ಹಾಕ್ಕೊಳ್ಳೋದು?”

“ನಿನ್ನ ಮೈಗೆ ಬಿದ್ರೆ ವಾಸಿಯಾಗುತ್ತೆ ಕಣೋ. ಕವಚಕ್ಕೆ ಬಿದ್ರೆ ವಾಸಿಯಾಗುತ್ತಾ?”

ಮಾತಿನಲ್ಲಿ ತಪ್ಪೇನೂ ಕಾಣದೆ ಮಾಮಾಸ ಕವಚ ತೊಟ್ಟುಕೊಂಡ.

ದಂಡು ಸೇರುವ ಬಯಲಿನಲ್ಲಿ ಬೆಳಿಗ್ಗೆಯೇ ಪರೀಕ್ಷೆ ಶುರುವಾಯಿತು. ಪ್ರಾಂತದ ದಂಡನಾಯಕರು ಎತ್ತರದ ಪೀಠದ ಮೇಲೆ ಕೂತು ಕಲ್ಲಿನಂಥ ಒಣರೊಟ್ಟಿಯನ್ನು ಕಡಿಯುತ್ತಿದ್ದರು, ತಾವೂ ಸೈನಿಕರಂತೆಯೇ ತಿನ್ನುವವರೆಂದು ಎಲ್ಲರಿಗೂ ಕಾಣಲೆಂದು. ಕೆಳಗೆ ಗುಮಾಸ್ತ ಮೂಗಿನ ತುದಿಯಿಂದ ಕೇಳುತ್ತಿದ್ದ.

“ಕುದುರೆ?”

“ನಂದು,” ಎಂದಳು ಥೆಕ್ಲಾ.

“ಕವಚ?”

“ನಮ್ಮಪ್ಪಂದು,” ಎಂದ ಪಂಕ್ರಾತಿ.

ಗುಮಾಸ್ತ ಮಾಮಾಸನ ಕಡೆ ತಿರುಗಿದ. “ಹಾಗಾದ್ರೆ ಇಲ್ಲಿ ನಿಂದೇನಯ್ಯ?”

“ಓಡೋದು ನಂದು ಸ್ವಾಮಿ.”

“ಸಂಜೆ ನೋಡೋಣ. ಕವಾಯತಿನಲ್ಲಿ ಹೇಳಿದ ಹಾಗೆ ಮಾಡಿದ್ರೆ ಹೊಲ ನಿಂದು. ಇಲ್ಲಾಂದ್ರೆ ಈ ಹೊಲ ಕೇಳ್ಕೊಂಡು ಇನ್ನೊಬ್ಬ ಆಗ್ಲೇ ಬಂದು ಕೂತಿದಾನೆ.”

ಆ ಇನ್ನೊಬ್ಬ ಮರದಡಿ ಕೂತು ಆಲಿವ್ ತಿನ್ನುತ್ತಿದ್ದ. ಮಾಮಾಸನಿಗೆ ಕೈಯೆತ್ತಿ ನಮಸ್ಕಾರವನ್ನೂ ಮಾಡಿದ.

ಮಾಮಾಸನ ತುಕಡಿಯ ನಾಯಕ ಒಳ್ಳೆಯವನು. ಹೊಸಬನೆಂದು ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದ. “ಇವತ್ತು ಅರ್ಧ ದಂಡು ಶತ್ರು ಆಗುತ್ತೆ, ನಾವು ಓಡೋರು. ಕಹಳೆ ಮೊದಲ ಸಲ ಊದಿದಾಗ ‘ಕೆಟ್ಟೆವು’ ಅಂತ ಕೂಗ್ತಾ ಓಡು, ಎರಡನೇ ಸಲ ಊದೋವರೆಗೂ ನಿಲ್ಬೇಡ. ಆಮೇಲೆ ಇನ್ನೊಂದು. ಡಂಗುರದವನು ಈಗ ಬಂದು ಇವತ್ತಿನ ಗುರುತಿನ ಮಾತು ಕೂಗ್ತಾನೆ. ಅದನ್ನ ಹೇಳದೋನು ಯಾವ ವೇಷದಲ್ಲಿ ಬಂದ್ರೂ ಶತ್ರುನೇ. ದಂಡನಾಯಕರೇ ಬಂದ್ರೂ ಅಷ್ಟೇ. ಅವರದೇ ಅಪ್ಪಣೆ.”

“ಅವರೇ ಬಂದ್ರೂ?”

“ಅವರೇ ಬಂದ್ರೂ.”

ಮಾಮಾಸ ಇದನ್ನು ಮನಸ್ಸಿನೊಳಗೆ ಮೊಳೆ ಹೊಡೆದು ಕೂರಿಸಿಕೊಂಡ. ಅಷ್ಟರಲ್ಲಿ ಪಂಕ್ರಾತಿ ಶಿರಸ್ತ್ರಾಣ ಹಿಡಿದು ಓಡಿಬಂದ. ಅವನಪ್ಪನದು ಹಂಡೆಯಂಥ ತಲೆ, ಮಾಮಾಸನದು ಚೊಂಬಿನಂಥದು. ನಡುವಿನ ಜಾಗಕ್ಕೆ ಪಂಕ್ರಾತಿ ಒಂದು ಕುರಿಯ ಅಷ್ಟೂ ಉಣ್ಣೆಯನ್ನು ತುರುಕಿ, ಶಿರಸ್ತ್ರಾಣ ಬಿದ್ದು ಜಜ್ಜಿಹೋಗಬಾರದೆಂದು ಗದ್ದದ ಕೆಳಗೆ ಬಿಗಿಯಾಗಿ ಕಟ್ಟಿದ.

ಕಟ್ಟಿದ್ದೇ ತಡ, ಲೋಕವೆಲ್ಲ ಮೌನವ್ರತ ಹಿಡಿಯಿತು. ಡಂಗುರದವನು ಬಂದು ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿದ. ಸುತ್ತಲಿನವರು ತಲೆಯಾಡಿಸಿದರು. ಮಾಮಾಸನೂ ಆಡಿಸಿದ. ಸ್ವಲ್ಪ ಹೊತ್ತಿಗೆ ಎಲ್ಲರೂ ಕುದುರೆ ತಿರುಗಿಸಿ ಓಡತೊಡಗಿದರು. ಮೊದಲ ಕಹಳೆ ಇರಬೇಕು ಎಂದುಕೊಂಡು ಅವನೂ ಓಡಿದ.

ಹುಟ್ಟಿದಾಗಿನಿಂದ ಗಾಡಿ ಎಳೆದ ಕೆಂಪಿ ಓಡುವ ಜಾತಿಯಲ್ಲ. ಆದರೆ ಹಿಂದಿನಿಂದ ಥೆಕ್ಲಾ ಕೋಲು ಬೀಸುತ್ತ, “ನಿಲ್ಸೋ, ನನ್ನ ಕೆಂಪೀನ ನಿಲ್ಸೋ” ಎಂದು ಕೂಗುತ್ತ ಬೆನ್ನಟ್ಟಿದಳು. ಥೆಕ್ಲಾ ಕೋಲೆತ್ತಿ ಕೂಗಿದರೆ ಬೇಗ ಹೋಗಬೇಕೆಂಬುದನ್ನು ಕೆಂಪಿ ಮರಿಯಾಗಿದ್ದಾಗಲೇ ಕಲಿತಿತ್ತು. ಅವಳು ಕೂಗಿದಷ್ಟೂ ಅದು ಹಾರಿತು. ಅವಳ ಹಿಂದೆ ಪಂಕ್ರಾತಿ, “ಮರದ ಕೊಂಬೆಗೆ ತಾಗಿಸ್ಬೇಡ್ವೋ” ಎಂದು ಬಡಿದುಕೊಳ್ಳುತ್ತ ಓಡಿದ. ಕಣಿವೆಯ ಬಾಯಲ್ಲಿ ಎರಡನೇ ಕಹಳೆ ಮೊಳಗಿತು. ಓಡುತ್ತಿದ್ದವರೆಲ್ಲ ಗಿರ್ರನೆ ತಿರುಗಿ ಶತ್ರುವಿನ ಮೇಲೆ ಬಿದ್ದರು. ದಂಡನಾಯಕರು ಸಂತೋಷದಿಂದ ತೊಡೆ ತಟ್ಟಿಕೊಂಡರು.

ಮಾಮಾಸ ಮಾತ್ರ ಓಡುತ್ತಲೇ ಇದ್ದ. ಕಣಿವೆ ಮುಗಿಯಿತು, ದ್ರಾಕ್ಷಿ ತೋಟಗಳು ಮುಗಿದವು. ಒಮ್ಮೆ ಹಿಂತಿರುಗಿ ನೋಡಿದಾಗ ಜೊತೆಗಾರರು ಯಾರೂ ಕಾಣಲಿಲ್ಲ. ಎಲ್ಲರನ್ನೂ ಹಿಂದೆ ಹಾಕಿದ್ದೇನೆ ಎಂದು ಅವನಿಗೆ ಹೆಮ್ಮೆಯಾಯಿತು. ಮುಂದೆ ದಾರಿ ಕವಲೊಡೆದಾಗ ಗೊತ್ತಿದ್ದ ಒಂದೇ ದಾರಿಗೆ ಕೆಂಪಿಯನ್ನು ತಿರುಗಿಸಿದ. ಅದು ಮಾವನ ಊರಿನ ದಾರಿ.

ಊರ ಬಾವಿಯ ಹತ್ತಿರ ನೀರು ಸೇದುತ್ತಿದ್ದ ಹೆಂಗಸರು ಕಂಡದ್ದು ಇಷ್ಟು: ಮೈತುಂಬ ಧೂಳು, ನೊರೆ ಕಾರುವ ಕುದುರೆ, ಅದರ ಮೇಲೆ ಒಬ್ಬನೇ ಒಬ್ಬ ಸೈನಿಕ, “ಕೆಟ್ಟೆವು, ಓಡಿ, ಕೆಟ್ಟೆವು” ಎಂದು ಗಂಟಲು ಹರಿಯುವ ಹಾಗೆ ಕೂಗುತ್ತ ಬರುತ್ತಿದ್ದಾನೆ. ಕೊಡಗಳು ಬಿದ್ದು ಒಡೆದವು. ಪಂಕ್ರಾತಿ ಇದ್ದಿದ್ದರೆ ವ್ಯಾಪಾರ ಕುದುರುತ್ತಿತ್ತು.

ಗದ್ದಲಕ್ಕೆ ಮಾವ ಹೊರಗೆ ಬಂದ. ಅಂಥೂಸಾ ಓಡಿಬಂದು ಗಂಡನ ಗದ್ದದ ಗಂಟು ಬಿಚ್ಚಿ ಶಿರಸ್ತ್ರಾಣ ಕಿತ್ತಳು. ಒಳಗಿನ ಉಣ್ಣೆಯೆಲ್ಲ ಅವನ ಹೆಗಲ ಮೇಲೆ ಸುರಿದು, ಈಗ ತಾನೇ ಮೋಡದಿಂದ ಇಳಿದವನ ಹಾಗೆ ಕಂಡ.

“ಅಳಿಯಂದ್ರೆ, ಏನಾಯ್ತು? ದಂಡು ಎಲ್ಲಿ?” ಎಂದ ಸ್ತವ್ರಾಕಿ.

“ಎಲ್ಲ ಓಡಿದ್ವಿ ಮಾವ. ಆಮೇಲೆ ನೋಡಿದ್ರೆ ನಾನೊಬ್ಬನೇ.”

“ದೇವರೇ. ಹಿಂದೆ ಬರ್ತಿದಾರಾ?”

“ಬರ್ದೇ ಇರ್ತಾರಾ? ಅದಕ್ಕೇ ತಾನೇ ಓಡ್ತಿರೋದು.”

“ಎಷ್ಟು ಜನ?”

“ಅರ್ಧ ದಂಡಿನಷ್ಟು.”

ಇದರಲ್ಲಿ ಒಂದೇ ಒಂದು ಸುಳ್ಳಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಗಡಿಯಾಚೆಯವರು ದಾಳಿಗೆ ಬಂದರೆ ಏನು ಮಾಡಬೇಕೆಂಬುದು ನಮ್ಮ ಊರುಗಳಿಗೆ ಬಾಯಿಪಾಠ. ದನಕರು, ಧಾನ್ಯ, ಮಕ್ಕಳು ಎಲ್ಲ ಗುಡ್ಡದ ಮೇಲಿನ ಕೋಟೆಗೆ. ಸ್ತವ್ರಾಕಿಯ ಬೆನ್ನು ನೆಟ್ಟಗಾಯಿತು. ಎಷ್ಟೋ ವರ್ಷಗಳಿಂದ ಕೋಳಿಗಳಿಗೆ ಅಪ್ಪಣೆ ಮಾಡುತ್ತಿದ್ದ ದನಿಯಲ್ಲಿ ಊರಿಗೆ ಅಪ್ಪಣೆ ಮಾಡಿದ. ಪಾದ್ರಿ ಪವಿತ್ರ ಪಟ ಎತ್ತಿಕೊಂಡರು. ಒಬ್ಬಳು ಮುದುಕಿ ಜೇನುಗೂಡಿನ ಬುಟ್ಟಿಯನ್ನೇ ಹೊತ್ತುಕೊಂಡು ಬಂದಳು. ಜನ ತಾವಾಗಿಯೇ ದಾರಿ ಬಿಟ್ಟರು.

ಮಾಮಾಸ ಇದನ್ನೆಲ್ಲ ನೋಡಿ ಮೆಚ್ಚಿಕೊಂಡ. “ಏನು ಕವಾಯತು ಮಾವ. ಊರೂರಿಗೂ ಹೇಳಿಟ್ಟಿದಾರೆ.”

ಕೆಂಪಿಗೆ ನೀರು ಕುಡಿಸುವಂತೆ ಆಳನ್ನು ಬೈಯುತ್ತಿದ್ದ ಮಾವನಿಗೆ ಅದು ಕೇಳಿಸಲಿಲ್ಲ.

ಕೋಟೆಯ ಬಾಗಿಲು ಮುಚ್ಚಿ ಅಗುಳಿ ಹಾಕಿದರು. ಬುರುಜಿನ ಮೇಲೆ ಹಸಿ ಸೊಪ್ಪು ಸುಟ್ಟು ಅಪಾಯದ ಹೊಗೆ ಎಬ್ಬಿಸಿದರು. ಅದನ್ನು ಕಂಡು ಪಕ್ಕದ ಗುಡ್ಡದ ಕಾವಲಿನವನೂ ಹೊಗೆ ಎಬ್ಬಿಸಿದ. ಅದರಾಚೆಯ ಗುಡ್ಡದವನು ಊಟಕ್ಕೆ ಹೋಗಿದ್ದ. ಅವನು ಸ್ವಲ್ಪ ಬೇಗ ಉಣ್ಣುವವನಾಗಿದ್ದರೆ ರಾಜಧಾನಿಯಲ್ಲಿ ಸಾಮ್ರಾಟರ ಊಟ ಕೆಡುತ್ತಿತ್ತು.

ಇತ್ತ ಬಯಲಿನಲ್ಲಿ ದಂಡನಾಯಕರು ಕುರಿಮಾಂಸಕ್ಕೆ ಕೈ ಹಾಕುವಷ್ಟರಲ್ಲಿ ಗುಡ್ಡದ ಮೇಲೆ ಹೊಗೆ ಕಂಡಿತು. ಕವಾಯತು ನಡೆದಿರುವಾಗಲೇ ನಿಜವಾದ ದಾಳಿ. ಅವರು ಮಾಂಸ ಬಿಟ್ಟು ಕುದುರೆ ಹತ್ತಿದರು. ಇಡೀ ದಂಡು ಕೋಟೆಯನ್ನು ಕಾಪಾಡಲು ಧಾವಿಸಿತು. ದಾರಿಯಲ್ಲಿ ಉಸಿರು ಕಟ್ಟಿ ಕೂತಿದ್ದ ಥೆಕ್ಲಾ ಮತ್ತು ಪಂಕ್ರಾತಿಯನ್ನು ಯಾರೋ ಕರುಣೆಯಿಂದ ಸಾಮಾನಿನ ಗಾಡಿಗೆ ಹಾಕಿಕೊಂಡರು.

ಕೋಟೆಯ ಮೇಲಿನಿಂದ ದಂಡಿನ ಧೂಳು ಕಂಡಾಗ ಹೆಂಗಸರು ಎದೆ ಹಿಡಿದುಕೊಂಡರು. ಮಾಮಾಸ ಬಾಗಿಲ ಮೇಲಿನ ಗೋಡೆ ಹತ್ತಿ ನಿಂತ. ಕವಾಯತಿನ ಶತ್ರು ಬಂದೇಬಿಟ್ಟ. ಸಂಜೆಯವರೆಗೆ ಹೇಳಿದ ಹಾಗೆ ಮಾಡಿದರೆ ಹೊಲ ತನ್ನದು. ಅವನು ಇನ್ನೊಮ್ಮೆ ನಿರ್ಧರಿಸಿದ.

ದಂಡನಾಯಕರು ಬಾಗಿಲ ಮುಂದೆ ಕುದುರೆ ನಿಲ್ಲಿಸಿ ಸುತ್ತ ನೋಡಿದರು. ಶತ್ರುವಿನ ಸುಳಿವಿಲ್ಲ. “ಬಾಗಿಲು ತೆಗೀರಿ. ನಾವು ಬಂದಿದೀವಿ.”

“ಗುರುತಿನ ಮಾತು ಹೇಳಿ,” ಎಂದ ಮಾಮಾಸ.

“ನಾನು ದಂಡನಾಯಕ ಕಣಯ್ಯ.”

“ಅದು ಗುರುತಿನ ಮಾತಲ್ಲ ಪ್ರಭು.”

ದಂಡನಾಯಕರು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ಇತ್ತು. ಬೆಳಿಗ್ಗೆ ತಾವೇ ಕೊಟ್ಟ ಮಾತು ನಾಲಿಗೆಯ ತುದಿಯವರೆಗೂ ಬಂದು ವಾಪಸು ಹೋಯಿತು. ಮೆಲ್ಲಗೆ ಪಕ್ಕಕ್ಕೆ ವಾಲಿ, “ಏನ್ರಯ್ಯ ಅದು?” ಎಂದರು.

“ಶಿಲುಬೆಗೆ ಜಯ,” ಎಂದ ಬಲಗಡೆಯ ಅಧಿಕಾರಿ.

“ಅದು ನಿನ್ನೇದು. ಇವತ್ತಿಂದು ‘ದೇವಮಾತೆ ಕಾಯಲಿ’,” ಎಂದ ಎಡಗಡೆಯವನು.

“ಅಲ್ಲ ಅಲ್ಲ, ಇವತ್ತು ಯಾವ್ದೋ ಸಂತನ ಹೆಸರಿತ್ತು,” ಎಂದ ಹಿಂದಿನವನು. ಕೂಗಿದ ಡಂಗುರದವನು ಬಯಲಿನಲ್ಲೇ ಉಳಿದು ಕುರಿಮಾಂಸ ಕಾಯುತ್ತಿದ್ದ.

ಮೇಲಿನಿಂದ ಮಾಮಾಸ ಎಲ್ಲರಿಗೂ ಕೇಳುವ ಹಾಗೆ ಹೇಳಿದ. “ಮಾವ, ನೋಡಿ. ಮೂರು ಬಾಯಿ, ಮೂರು ಮಾತು. ಶತ್ರುಗಳೇ.”

“ವೇಷ ಮಾತ್ರ ಚೆನ್ನಾಗಿ ಹಾಕಿದಾರೆ ಅಳಿಯಂದ್ರೆ,” ಎಂದ ಸ್ತವ್ರಾಕಿ. “ಆ ಮುಂದಿನವನು ಥೇಟು ನಮ್ಮ ದಂಡನಾಯಕರೇ. ಹೊಟ್ಟೆ ಕೂಡ ಹಾಗೇ ಕಟ್ಕೊಂಡಿದಾನೆ.”

ಆ ಹೊಟ್ಟೆ ಬಿಸಿಲಿನಲ್ಲಿ ನಡುಗಿತು. “ಲೋ, ನಿನ್ನ ಮೂಗು ಕುಯ್ಸಿಬಿಡ್ತೀನಿ.”

“ಕುಯ್ಸಿ ಪ್ರಭು. ಮಾತು ಹೇಳಿ ಕುಯ್ಸಿ.”

ಆಗ ಸಾಮಾನಿನ ಗಾಡಿ ಬಂತು. ಥೆಕ್ಲಾ ಇಳಿದು ಗೋಡೆಯ ಕೆಳಗೆ ನಿಂತು ಸೊಂಟಕ್ಕೆ ಕೈ ಕೊಟ್ಟಳು. “ಎಲ್ಲೋ ನನ್ನ ಕೆಂಪಿ?”

ಮಾಮಾಸನ ನಿಷ್ಠೆ ಮೊದಲ ಸಲ ಅಲುಗಾಡಿತು. “ಮಾವ, ಶತ್ರು ಥೆಕ್ಲಕ್ಕನ ವೇಷವನ್ನೂ ಹಾಕಿದಾನೆ.”

“ಅವಳೊಬ್ಬಳಿಗೇ ಗೊತ್ತಿರೋದು ಏನಾದ್ರೂ ಕೇಳಿ.”

ಕೇಳುವ ಅಗತ್ಯ ಬೀಳಲಿಲ್ಲ. ಥೆಕ್ಲಾ ಶುರು ಮಾಡಿಯಾಗಿತ್ತು. ಅವನು ಹುಟ್ಟಿದ ಗಳಿಗೆ, ಅವನ ಅಪ್ಪ ಬೇಲಿ ಸರಿಸಿದ ವರ್ಷ, ಅವನ ಮೇಕೆ ತಿಂದ ಅವಳ ಎಲೆಕೋಸು, ನೀರಿಲ್ಲದ ಆ ಬಾವಿ, ಅದರಿಂದ ಅವನನ್ನು ಎತ್ತಲು ತಾನು ಕೊಟ್ಟ ಹಗ್ಗ, ಅದು ವಾಪಸು ಬಾರದಿದ್ದದ್ದು, ಒಂದೂ ಬಿಡದೆ, ಉಸಿರು ತೆಗೆದುಕೊಳ್ಳದೆ ಬಿಚ್ಚಿಟ್ಟಳು. ದಂಡಿನ ಕುದುರೆಗಳು ಕಿವಿ ನಿಮಿರಿಸಿ ನಿಂತವು.

“ಇವಳು ಅಸಲಿ,” ಎಂದ ಮಾಮಾಸ. “ಇಷ್ಟು ಬೈಯೋಕೆ ಗಡಿಯಾಚೆಯವರಿಗೆ ನಮ್ಮ ಭಾಷೆ ಸಾಲಲ್ಲ.” ಬುಟ್ಟಿ ಇಳಿಬಿಟ್ಟು ಅವಳನ್ನು ಮೇಲೆಳೆಯತೊಡಗಿದರು.

ದಂಡನಾಯಕರಿಗೆ ದಾರಿ ಹೊಳೆಯಿತು. “ಏನಮ್ಮ, ನಾನು ದಂಡನಾಯಕ ಅಂತ ಅವನಿಗೆ ಸ್ವಲ್ಪ ಹೇಳು.”

ಬುಟ್ಟಿಯಲ್ಲಿ ಅರ್ಧ ದಾರಿ ತೂಗಾಡುತ್ತಿದ್ದ ಥೆಕ್ಲಾ ಕೆಳಗೆ ಬಗ್ಗಿ ಅವರನ್ನು ದಿಟ್ಟಿಸಿದಳು. “ನಂಗೇನು ಗೊತ್ತು ನೀವ್ಯಾರು ಅಂತ? ಬೆಳಿಗ್ಗೆ ಎತ್ತರದಲ್ಲಿ ಕೂತಿದ್ರಿ, ಗಡ್ಡ ಒಂದೇ ಕಾಣ್ತಿತ್ತು.”

ಹೊತ್ತು ಇಳಿಯಿತು. ದಂಡಿಗೆ ಬಾಯಾರಿತು. ದಂಡನಾಯಕರು ತಮಗೆ ಗೊತ್ತಿದ್ದ ಸಂತರ ಹೆಸರನ್ನೆಲ್ಲ ಒಂದೊಂದಾಗಿ ಕೂಗಿದರು. ಪ್ರತಿಯೊಂದಕ್ಕೂ ಮೇಲಿನಿಂದ ವಿನಯವಾಗಿ “ಅಲ್ಲ ಪ್ರಭು” ಎಂದು ಬಂತು. ಪಾದ್ರಿಗಳು ಮಾತ್ರ ಪ್ರತಿ ಹೆಸರಿಗೂ ಅಭ್ಯಾಸಬಲದಿಂದ ಕೈ ಮುಗಿಯುತ್ತಿದ್ದರು.

ಕೊನೆಗೆ ಬೇಸತ್ತವಳು ಅಂಥೂಸಾ. ಕೆಚ್ಚಲು ಬಿಗಿದ ಮೇಕೆಗಳು ಕೋಟೆ ತುಂಬ ಅರಚುತ್ತಿದ್ದವು, ಹಾಲಿನ ಪಾತ್ರೆಗಳೆಲ್ಲ ಊರಿನಲ್ಲಿದ್ದವು. ಗೋಡೆ ಹತ್ತಿ ಕೆಳಗೊಮ್ಮೆ ನೋಡಿದಳು.

“ರೀ, ಅವರು ನಿಜವಾದ ದಂಡನಾಯಕರು.”

“ಹೇಗೆ ಹೇಳ್ತೀಯ?”

“ಶತ್ರು ಆಗಿದ್ರೆ ಇಷ್ಟು ಹೊತ್ತು ನಿಮ್ಮ ಹತ್ರ ಮಾತಾಡ್ತಿದ್ನಾ? ಬಾಗಿಲಿಗೆ ಬೆಂಕಿ ಇಡ್ತಿದ್ದ.”

ಇಷ್ಟು ಹೇಳಿ ಇಳಿದುಹೋಗಿ ಅವಳೇ ಅಗುಳಿ ಸರಿಸಿದಳು. ಮೇಕೆಗಳು ಹೊರಗೂ ದಂಡು ಒಳಗೂ ಒಟ್ಟಿಗೇ ನುಗ್ಗಿದವು.

ವಿಚಾರಣೆ ಕೋಟೆಯೊಳಗಿನ ಬಾವಿಕಟ್ಟೆಯ ಮೇಲೆ ನಡೆಯಿತು. ದಂಡನಾಯಕರು ಮೊದಲು ನೀರು ಕುಡಿದರು, ಆಮೇಲೂ ಕುಡಿದರು. ಅಷ್ಟರಲ್ಲಿ ದಾಳಿಯ ಸುದ್ದಿ ಎಲ್ಲಿಂದ ಹುಟ್ಟಿತೆಂದು ಎಲ್ಲರಿಗೂ ತಿಳಿದಿತ್ತು, ಮಾಮಾಸನೊಬ್ಬನನ್ನು ಬಿಟ್ಟು. ಆಲಿವ್ ತಿನ್ನುತ್ತಿದ್ದ ಆ ಇನ್ನೊಬ್ಬನೂ ಹೇಗೋ ಬಂದು ಸೇರಿಕೊಂಡು ಮುಂದಿನ ಸಾಲಿನಲ್ಲಿ ನಿಂತಿದ್ದ.

“ಎರಡನೇ ಕಹಳೆಗೆ ಯಾಕೋ ತಿರುಗ್ಲಿಲ್ಲ?” ಎಂದರು ದಂಡನಾಯಕರು.

“ಊದಿದ್ರಾ ಪ್ರಭು?”

ಪಂಕ್ರಾತಿ ಶಿರಸ್ತ್ರಾಣಕ್ಕೆ ಗೀರು ಬಿದ್ದಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡುತ್ತ ಉಣ್ಣೆಯ ವಿಷಯ ತಾನೇ ಬಾಯಿಬಿಟ್ಟ. ದಂಡನಾಯಕರು ಗುಮಾಸ್ತನ ಕಡೆ ತಿರುಗಿದರು. “ಇವನ ಮೇಲೆ ಒಂದು ತಪ್ಪು ಹುಡುಕಿಕೊಡಯ್ಯ.”

ಗುಮಾಸ್ತ ಮೂಗು ಕೆರೆದುಕೊಂಡ. “ಓಡು ಅಂದ್ವಿ, ಓಡಿದಾನೆ. ಕಹಳೆ ಕೇಳೋವರೆಗೂ ನಿಲ್ಬೇಡ ಅಂದ್ವಿ, ನಿಂತಿಲ್ಲ. ಗುರುತಿನ ಮಾತು ಹೇಳದೋನು ನೀವೇ ಆದ್ರೂ ಶತ್ರು ಅಂತ ನೀವೇ ಅಂದ್ರಿ, ಬಾಗಿಲು ತೆಗೆದಿಲ್ಲ. ಇವನಿಗೆ ಶಿಕ್ಷೆ ಕೊಟ್ರೆ ನಿಮ್ಮ ಅಪ್ಪಣೆಗೇ ಕೊಟ್ಟ ಹಾಗಾಗುತ್ತೆ ಪ್ರಭು.”

ಸ್ತವ್ರಾಕಿ ಎದೆಯುಬ್ಬಿಸಿ ಮುಂದೆ ಬಂದ. “ನನ್ನ ಅಳಿಯ ಪ್ರಭು. ಸಣ್ಣವನಿದ್ದಾಗಿಂದ ನಾನೇ ತಿದ್ದಿದ್ದು.” ಮಾಮಾಸ ಸಣ್ಣವನಿದ್ದಾಗ ಮಾವ ಅವನ ಮುಖವನ್ನೇ ಕಂಡಿರಲಿಲ್ಲ. ಅಂಥೂಸಾ ಕೆಮ್ಮಿದಳು.

ದಂಡನಾಯಕರು ಗಡ್ಡ ನೀವಿಕೊಂಡರು. ಆಮೇಲೆ ದನಿ ತಗ್ಗಿಸಿ, “ಅದಿರ್ಲಿ. ಇವತ್ತಿನ ಆ ಹಾಳು ಮಾತು ಏನಯ್ಯ? ನಂಗೆ ಇನ್ನೂ ನೆನಪಾಗ್ತಿಲ್ಲ” ಎಂದರು.

“ನಂಗೂ ಗೊತ್ತಿಲ್ಲ ಪ್ರಭು. ಕೂಗೋವಾಗ ಕಿವೀಲಿ ಉಣ್ಣೆ ಇತ್ತು.”

ದಂಡನಾಯಕರು ಕಟ್ಟೆಯಿಂದ ಮುಂದಕ್ಕೆ ಬಗ್ಗಿದರು.

“ಅಂದ್ರೆ, ನಾನು ಅಕಸ್ಮಾತ್ ಸರಿಯಾದ ಮಾತೇ ಹೇಳಿದ್ದಿದ್ರೆ?”

ಮಾಮಾಸ ಪ್ರಾಮಾಣಿಕವಾಗಿ ಯೋಚಿಸಿದ. “ಆಗ್ಲೂ ತೆಗೀತಿರ್ಲಿಲ್ಲ ಪ್ರಭು.”

ದಂಡನಾಯಕರು ಎದ್ದರು. “ಬರ್ಕೊಳಯ್ಯ. ಹೊಲ ಇವನದೇ. ಇನ್ನು ಮುಂದೆ ಇವನು ಸವಾರ ಅಲ್ಲ, ಈ ಕೋಟೆಯ ಬಾಗಿಲ ಕಾವಲಿನವನು. ಕುದುರೆ ಬೇಡ, ಕವಚ ಬೇಡ. ಇವನು ಓಡೋದನ್ನ ಇನ್ನೊಂದ್ಸಲ ನೋಡೋ ಶಕ್ತಿ ನನ್ನ ಪ್ರಾಂತಕ್ಕಿಲ್ಲ.”

ಇನ್ನೊಬ್ಬ ಆಲಿವ್ ಬೀಜ ಉಗುಳಿ ಹೊರಟುಹೋದ. ಥೆಕ್ಲಾ ಕೆಂಪಿಯ ಕತ್ತು ತಬ್ಬಿಕೊಂಡಳು. ಅಂಥೂಸಾ ಗಂಡನ ಹೆಗಲ ಮೇಲೆ ಉಳಿದಿದ್ದ ಉಣ್ಣೆಯನ್ನು ಒಂದೊಂದೇ ಎಳೆಯಾಗಿ ತೆಗೆಯತೊಡಗಿದಳು. ಮಾವ ಮೊಟ್ಟಮೊದಲ ಸಲ ಅಳಿಯನಿಗೆ ತನ್ನ ಬಟ್ಟಲಿನಲ್ಲಿ ದ್ರಾಕ್ಷಾರಸ ಕೊಟ್ಟ. ಆದರೆ ಮಾಮಾಸ ಅದನ್ನು ಕುಡಿಯಲಿಲ್ಲ. ಕೆಲಸದ ಮೇಲಿರುವವನು ಕುಡಿಯಬಾರದೆಂದು ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಎದ್ದುಹೋದ.

ಗುಮಾಸ್ತ ಹೆಸರು ಬರೆದು ಮುಗಿಸಿದ ಮೇಲೆ ದಂಡನಾಯಕರು ಕುದುರೆ ಹತ್ತಿ, ಅಧಿಕಾರಿಗಳೊಡನೆ ಬಯಲಿನ ಕುರಿಮಾಂಸವನ್ನು ನೆನೆಯುತ್ತ ಬಾಗಿಲಿಗೆ ಬಂದರು. ಬಾಗಿಲು ಮುಚ್ಚಿತ್ತು. ಅಗುಳಿ ಬಿದ್ದಿತ್ತು. ಅದರ ಮುಂದೆ ಈಟಿ ಊರಿಕೊಂಡು ಮಾಮಾಸ ನಿಂತಿದ್ದ.

“ತೆಗಿಯಪ್ಪ,” ಎಂದರು ದಂಡನಾಯಕರು.

ಮಾಮಾಸ ತಲೆ ಬಾಗಿಸಿ ಕೇಳಿದ. “ಒಳಗಿಂದ ಹೊರಗೆ ಹೋಗೋರಿಗೂ ಗುರುತಿನ ಮಾತು ಬೇಕಾ ಪ್ರಭು? ಅದನ್ನ ಇನ್ನೂ ಯಾರೂ ಹೇಳಿಲ್ಲ.”